ಕಂಬಳಿ ಹವಾಲ್ದಾರನ ಸೈನಿಕ ಸಮ್ಮಿಲನ

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದಾಗ ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಶಹಾಪುರದ ಒಂದು ಕಲ್ಯಾಣ ಮಂಟಪ, ವೇದಿಕೆಯ ಬಲಗಡೆಯ ಮೂಲೆ, ಮೈಕಿನ ಹಿಂದೆ. ಭಾನುವಾರ, ಹನ್ನೊಂದು ಗಂಟೆ ದಾಟಿತ್ತು. ಮೈಮೇಲೆ ಇಸ್ತ್ರಿ ಮಾಡಿಸಿದ ಕೋಟು, ಕಾಲಿಗೆ ಪಾಲಿಶ್ ಹಚ್ಚಿದ ಬೂಟು. ಇಷ್ಟು ವಿವರ ಯಾಕೆಂದರೆ, ಆಮೇಲೆ ನಡೆದದ್ದನ್ನು ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ನೀರಿನೊಳಗಿದ್ದಾಗ ಕಂಡದ್ದು ಸ್ವಲ್ಪ ಮಂಜು ಮಂಜಾಗಿದೆ. ಅಷ್ಟನ್ನು ದಡದ ಮೇಲಿದ್ದವರಿಂದ ಕೇಳಿ ಸೇರಿಸಿದ್ದೇನೆ.

ನಾನು ಫೌಜಿನಲ್ಲಿ ಹವಾಲ್ದಾರನಾಗಿದ್ದವನು. ಯುದ್ಧದ ಕಾಲದಲ್ಲಿಯೂ ನೌಕರಿಯಲ್ಲಿದ್ದೆ. ಆದರೆ ಯುದ್ಧ ಒಂದು ಕಡೆ ಇತ್ತು, ನಾನು ಇನ್ನೊಂದು ಕಡೆ ಇದ್ದೆ. ನನ್ನ ಕೆಲಸ ಉಗ್ರಾಣದಲ್ಲಿ ಕಂಬಳಿ, ಬೂಟು ಕೊಡುವುದು, ಹರಿದದ್ದನ್ನು ವಾಪಸ್ ತೆಗೆದುಕೊಳ್ಳುವುದು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಯಾದಗಿರಿ, ಶಹಾಪುರ, ಸುರಪುರದ ಮಾಜಿ ಸೈನಿಕರೆಲ್ಲ ಸೇರಿ ನನಗೊಂದು ಬಿರುದು ಕೊಟ್ಟರು: ಕಂಬಳಿ ಹವಾಲ್ದಾರ. ನಾನು ಅದನ್ನು ಗೌರವವೆಂದೇ ಸ್ವೀಕರಿಸಿದೆ. ಬೇರೆ ದಾರಿ ಇರಲಿಲ್ಲ.

ಸಮ್ಮಿಲನ ನಡೆಸಬೇಕು ಎಂದು ನನಗೆ ಹೊಳೆದದ್ದು ಇಬ್ಬರಿಗಾಗಿ. ಒಬ್ಬರು ಸುಬೇದಾರ್ ಶರಣಪ್ಪ, ಇನ್ನೊಬ್ಬರು ಸಿಪಾಯಿ ಮೈಬೂಬಸಾಬ. ಇಬ್ಬರೂ ಗೋಗಿ ಕಡೆಯವರು, ಒಂದೇ ಪಲ್ಟನ್ನಿನವರು. ಪಶ್ಚಿಮ ಗಡಿಯ ಮರಳಿನಲ್ಲಿ ಮೈಬೂಬಸಾಬರ ತೊಡೆಗೆ ಗುಂಡು ತಗುಲಿ ಬಿದ್ದಾಗ, ಶರಣಪ್ಪನವರು ತಮ್ಮ ಪಾಲಿನ ನೀರನ್ನು ಅವರ ಬಾಯಿಗೆ ಹನಿಸುತ್ತಾ ರಾತ್ರಿ ಕಳೆದರಂತೆ. ಇದು ಕೇಳಿದ್ದು. ಊರಿಗೆ ಬಂದ ಮೇಲೆ ಇಬ್ಬರ ಮನೆಯ ಹಬ್ಬವೂ ಒಟ್ಟಿಗೇ ಆಗುತ್ತಿತ್ತು. ಇದು ಕಂಡದ್ದು.

ಆಮೇಲೆ ಕಾಲುವೆ ಬಂತು. ಒಂದೇ ಮರಿಗಾಲುವೆಯ ಮೇಲ್ಗಡೆ ಶರಣಪ್ಪನವರ ಹೊಲ, ಕೆಳಗಡೆ ಮೈಬೂಬಸಾಬರದು. ಮೇಲಿನವರು ಭತ್ತ ಹಚ್ಚಿದರು. ಕಾಲುವೆಗೆ ಅಡ್ಡಲಾಗಿ ಫರಸಿ ಕಲ್ಲು ನಿಲ್ಲಿಸಿ ನೀರನ್ನೆಲ್ಲ ತಮ್ಮ ಹೊಲಕ್ಕೆ ಹೋಗುವ ಕೊಳವೆಗೆ ತಿರುಗಿಸಿಕೊಂಡರು. ಕೆಳಗೆ ಮೈಬೂಬಸಾಬರ ಮೆಣಸಿನಗಿಡ ನಿಂತಲ್ಲೇ ಸುಟ್ಟಿತು. ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ನಾಲ್ಕು ಜನರ ಮುಂದೆ ಮೈಬೂಬಸಾಬರು ಹೇಳಿದರು: "ಲಡಾಯಿದಾಗ ನನಗ ನೀರು ಕುಡಿಸಿದವ, ಈಗ ನನ್ನ ಹೊಲದ ನೀರು ಕುಡದ." ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಶರಣಪ್ಪನವರ ಮಗ ಬಸವರಾಜ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ಅಪ್ಪಗ ಹೊಟ್ಯಾಗ ಗಡ್ಡಿ ಅದಂತ. ಕಲಬುರಗಿ ಡಾಕ್ಟರು ಮನೀಗೆ ಕರ್ಕೊಂಡು ಹೋಗ್ರಿ ಅಂದಾರ. ಅಪ್ಪಗ ಹೊಟ್ಟಿ ಹುಣ್ಣು ಅಂತ ಹೇಳೀವಿ. ನೀವೂ ಹಂಗ ಹೇಳ್ರಿ," ಎಂದ. ಅಂದೇ ನಿರ್ಧರಿಸಿದೆ. ಸುಬೇದಾರರು ಕಣ್ಣು ಮುಚ್ಚುವ ಮುನ್ನ ಇಬ್ಬರೂ ಒಂದು ಮಾತಾದರೂ ಆಡಬೇಕು. ಆಡಿಸುವವನು ನಾನು.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಕಾಶಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

"ಮಗಳ ಮದಿವ್ಯಾಗ ಬೀಗರನ್ನ ಕರ್ಕೊಂಡು ಬರ್ತೀನಿ ಅಂತ ಹೋಗಿ, ಬ್ಯಾರೆ ಮದಿವಿ ದಿಬ್ಬಣಾ ಕರ್ಕೊಂಡು ಬಂದವ್ರು ನೀವು. ಈಗ ಫೌಜ್ ಕೂಡಸ್ತೀರಿ?"

"ಅದು ಬಸ್ಸಿನವನ ತಪ್ಪು."

"ಹೌದ್ರಿ. ಅವ್ರಿಗೆ ಉಣ್ಣಾಕ ಹಾಕಿದ್ದೂ ಬಸ್ಸಿನವನೇನು?"

ನಾನು ಆಗಲೇ ಯೋಜನೆಯಲ್ಲಿ ಮುಳುಗಿದ್ದೆ. ನನ್ನ ಯೋಜನೆಯಲ್ಲಿ ಲೋಪವಿರಲಿಲ್ಲ ಎಂದು ಇಂದಿಗೂ ಹೇಳುತ್ತೇನೆ. ಮಾಜಿ ಸೈನಿಕರಲ್ಲಿ ಹೆಚ್ಚಿನವರು ಈಗ ರೈತರು. ನೀರು ಇರುವ ವಾರ ಕರೆದರೆ ಒಬ್ಬನೂ ಬರುವುದಿಲ್ಲ. ಆದ್ದರಿಂದ ಸರದಿಯಂತೆ ಕಾಲುವೆ ಬಂದ್ ಇರುವ ವಾರವನ್ನೇ ಆರಿಸಿದೆ. ಗೇಟಿನವನನ್ನು ಕಂಡು ಖಚಿತಪಡಿಸಿಕೊಂಡೆ. "ಬೇಫಿಕರ್ ಇರ್ರಿ. ಕಾಲುವ್ಯಾಗಿನ ಕಪ್ಪಿಗೆ ಕುಡಿಯಾಕೂ ನೀರು ಬಿಡಂಗಿಲ್ಲ," ಎಂದ. ಆಮೇಲೆ ಮೈಬೂಬಸಾಬರ ಮನೆಗೆ ಹೋಗಿ, ಸುಬೇದಾರರಿಗೆ ಆರಾಮಿಲ್ಲ, ಬರುವುದಿಲ್ಲ ಎಂದೆ. ಸುಬೇದಾರರ ಮನೆಗೆ ಹೋಗಿ, ಮೈಬೂಬ ಮಗಳ ಊರಿಗೆ ಹೋಗುತ್ತಾನೆ, ಬರುವುದಿಲ್ಲ ಎಂದೆ. ಇಬ್ಬರೂ ಬರಲು ಒಪ್ಪಿದರು. ಆ ಸಂಜೆ ನನಗೆ, ನನ್ನನ್ನು ಉಗ್ರಾಣದಲ್ಲಿ ಕೂರಿಸಿ ಸೇನೆ ದೊಡ್ಡ ನಷ್ಟ ಮಾಡಿಕೊಂಡಿತು ಅನ್ನಿಸಿತು.

ಭಾನುವಾರ ಜನ ಬಂದರು. ಸುರಪುರದವರು, ತಿಂಥಣಿಯವರು, ಯಾದಗಿರಿಯಿಂದ ನಾಲ್ವರು. ಸುಬೇದಾರರನ್ನು ಬಸವರಾಜ ತೋಳು ಹಿಡಿದು ಕರೆತಂದ. ಕೋಟಿನೊಳಗೆ ಅವರು ಅರ್ಧ ಮಾತ್ರ ಉಳಿದಿದ್ದರು. ಮುಂದಿನ ಸಾಲಿನ ನಡುವೆ ಕೂರಿಸಿ ಹಾರ ಹಾಕಿದೆ. ಪಕ್ಕದ ಕುರ್ಚಿಯನ್ನು ಖಾಲಿ ಇಟ್ಟೆ.

ಮೈಬೂಬಸಾಬರು ಕುಂಟುತ್ತಾ ಒಳಗೆ ಬಂದರು. ಮುಂದಿನ ಸಾಲು ನೋಡಿದರು.

"ಹವಾಲ್ದಾರ್ ಸಾಬ್, ಬರಂಗಿಲ್ಲ ಅಂದಿದ್ರಿ."

"ಅಚಾನಕ್ ಬಂದಾರ."

"ಹಂಗಾರ ನಾನೂ ಅಚಾನಕ್ ಹಿಂದ ಕುಂದರ್ತೀನಿ," ಎಂದು ಬಾಗಿಲ ಬಳಿಯ ಕೊನೆಯ ಕುರ್ಚಿಗೆ ಹೋದರು.

ಸುಬೇದಾರರು ತಿರುಗಿ ನೋಡಲಿಲ್ಲ. ನನ್ನನ್ನು ಮಾತ್ರ ನೋಡಿ, "ಹರಿದ ಕಂಬಳಿನ ಹೊಸಾದು ಅಂತ ಕೊಟ್ಟಾಂವ ನೀ," ಎಂದರು.

ಈ ಹಂತದಲ್ಲಿ ನನ್ನ ಜಾಗದಲ್ಲಿ ಬುದ್ಧಿವಂತನಿದ್ದಿದ್ದರೆ ಊಟ ಬಡಿಸಿಬಿಡುತ್ತಿದ್ದ. ನಾನು ಮೈಕು ಹಿಡಿದೆ. ಹಿಂದಿನ ಕುರ್ಚಿಯಲ್ಲಿದ್ದವರ ಮನಸ್ಸು ಕರಗಿಸಬೇಕೆಂದು ಸ್ವಾಗತ ಭಾಷಣದಲ್ಲಿ ಸ್ವಲ್ಪ ಕರುಣರಸ ಬೆರೆಸಿದೆ. ಬೆರೆಸುತ್ತಾ ಹೋದೆ. ನನ್ನ ಧ್ವನಿ ನನಗೇ ಹಿಡಿಸಿತು. ಆಗ ಹೇಳಿದ ವಾಕ್ಯವನ್ನು ಇದ್ದದ್ದು ಇದ್ದಂತೆ ಇಲ್ಲಿ ಬರೆಯುತ್ತಿದ್ದೇನೆ: "ಇಂತಹ ಧೀರ ಸುಬೇದಾರರು ನಮ್ಮ ನಡುವೆ ಕುಳಿತಿರುವುದು ಇದೇ ಕೊನೆಯ ಸಲ. ಅವರ ಹತ್ತಿರ ಇನ್ನು ಹೆಚ್ಚು ದಿನಗಳಿಲ್ಲ."

ಪಂಖ ತಿರುಗುವ ಸದ್ದು ಕೇಳಿಸಿತು.

ಸುಬೇದಾರರು ನಿಧಾನವಾಗಿ ಕೇಳಿದರು, "ಯಾರ ಹತ್ರ?"

ನಾನು ಸರಿಪಡಿಸಲು ನೋಡಿದೆ. "ಅಂದರೆ, ಬಂಧುಗಳೇ, ಒಂದಲ್ಲ ಒಂದು ದಿನ ಎಲ್ಲರೂ ಹೋಗುವವರೇ. ಸುಬೇದಾರರು ಸ್ವಲ್ಪ ಮುಂದೆ, ನಾವು ಸ್ವಲ್ಪ ಹಿಂದೆ."

ಅಡುಗೆಮನೆಯ ಬಾಗಿಲಿನಿಂದ ಕಾಶಮ್ಮನ ಧ್ವನಿ ಬಂತು: "ಯಾರರ ಆ ಮೈಕ್ ಬಂದ್ ಮಾಡ್ರಿ."

ಸುಬೇದಾರರು ಮಗನ ಕಡೆ ತಿರುಗಿದರು. "ಬಸ್ಯಾ, ಹೊಟ್ಟಿ ಹುಣ್ಣು ಅಂದಿದ್ದಿ." ಬಸವರಾಜ ತನ್ನ ಕಾಲು ನೋಡಿಕೊಂಡ. ಸುಬೇದಾರರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೊರಳಿನ ಹಾರವನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಅಷ್ಟೆ. ಅದನ್ನು ನಾನು ವೇದಿಕೆಯಿಂದ ನೇರವಾಗಿ ಕಂಡೆ. ಈಗಲೂ ಕಾಣುತ್ತೇನೆ.

ಆಗ ಬಾಗಿಲಲ್ಲಿ ಯಾರೋ ಕೂಗಿದರು: "ಕಾಲುವೀಗೆ ನೀರು ಬಿಟ್ಟಾರ!"

ಆಮೇಲೆ ತಿಳಿಯಿತು: ಹಿಂದಿನ ದಿನ ಕೆಳಭಾಗದ ರೈತರು ರಸ್ತೆಯಲ್ಲಿ ಕುಳಿತು ಬಸ್ಸುಗಳನ್ನು ತಡೆದಿದ್ದರಂತೆ. ಅಧಿಕಾರಿಗಳು ಹೆದರಿ ಬಂದ್ ವಾರದಲ್ಲೇ ಗೇಟು ಎತ್ತಿಸಿದ್ದರು. ಸಭಾಂಗಣ ಎದ್ದು ನಿಂತಿತು. ಫೌಜಿನಲ್ಲಿ ಅಷ್ಟು ಬೇಗ ಎದ್ದವರನ್ನು ನಾನು ಕಂಡಿಲ್ಲ. ನೀರು ಒಂದು ಕಾರಣ. ಆ ಮೌನದಿಂದ ತಪ್ಪಿಸಿಕೊಳ್ಳಬೇಕಿತ್ತು, ಅದು ಇನ್ನೊಂದು. ಬಸವರಾಜನೂ ಓಡಿದ, ಮೈಬೂಬಸಾಬರೂ ಕುಂಟುತ್ತಲೇ ಓಡಿದರು; ಹೊರಗಿದ್ದ ಗಾಡಿಗಳನ್ನೆಲ್ಲ ಹತ್ತಿ ಹೋದರು. ಯಾದಗಿರಿಯ ನಾಲ್ವರು ಮಾತ್ರ ಉಳಿದರು. ಅವರಿಗೆ ಹೊಲ ಇರಲಿಲ್ಲ. ಅವರು ನೇರವಾಗಿ ಊಟದ ಕೋಣೆಗೆ ನಡೆದರು.

ಸುಬೇದಾರರು ಖಾಲಿ ಕುರ್ಚಿಗಳ ನಡುವೆ ಕುಳಿತೇ ಇದ್ದರು. ನಾನು ಹತ್ತಿರ ಹೋಗಿ ನಿಂತೆ. ಬಯ್ಯುತ್ತಾರೆ ಎಂದುಕೊಂಡೆ.

"ಮಗ ಎಲ್ಲಿ ಹೋದ?"

"ನೀರಿಗೆ."

"ಮೈಬೂಬ?"

"ನೀರಿಗೇ."

"ನನ್ನನ್ನೂ ಒಯ್ಯಿ. ಅಲ್ಲಿ ಬಸ್ಯಾ ಏನ್ ಮಾಡ್ತಾನ ನನಗ ಗೊತ್ತದ. ನಾನ ಕಲಿಸೀನಿ."

ಸಿಕ್ಕಿದ ಗಾಡಿ ಒಂದೇ, ಅಡುಗೆಯ ಟೆಂಪೊ. ಮುಂದೆ ಹಾರ ಹಾಕಿಕೊಂಡ ಸುಬೇದಾರರು, ಹಿಂದೆ ಗೋಧಿ ಹುಗ್ಗಿಯ ಹಂಡೆ, ಹಂಡೆಯ ಮುಚ್ಚಳ ಒತ್ತಿ ಹಿಡಿದ ಕಾಶಮ್ಮ, ಅವಳ ಎದುರು ನಾನು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ನಮ್ಮ ಸಂಸಾರದಲ್ಲಿ ಅದು ಹೊಸದು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಮರಿಗಾಲುವೆಯ ಹತ್ತಿರ ಟೆಂಪೊ ನಿಂತಾಗ ನೀರು ಕೆಂಪಗೆ, ಕಸ ಹೊತ್ತುಕೊಂಡು ಬರುತ್ತಿತ್ತು. ಬಸವರಾಜ ಆಗಲೇ ಫರಸಿ ನಿಲ್ಲಿಸಿ ಅದರ ಪಕ್ಕ ನಿಂತಿದ್ದ. ನೀರು ಅವರ ಕೊಳವೆಯ ಬಾಯಿಗೆ ಗಳಗಳ ನುಗ್ಗುತ್ತಿತ್ತು. ಎದುರಿಗೆ ಸಲಿಕೆ ಹಿಡಿದ ಮೈಬೂಬಸಾಬರು. ಅವರ ಹಿಂದೆ ಕೆಳಗಿನ ಹೊಲದವರು ಏಳೆಂಟು ಜನ.

"ಬಸು, ಫರಸಿ ತೆಗಿ."

"ಕಾಕಾ, ಭತ್ತ ಹೊಡಿ ಕಟ್ಟಾಕತ್ತದ, ತೆನಿ ಬರೂ ಹೊತ್ತು. ಒಂದ್ ದಿನ ತಡೀರಿ."

"ನಿಮ್ಮಪ್ಪನೂ ಒಂದ್ ದಿನ ಅಂದಿದ್ದ. ಎಷ್ಟ್ ವರ್ಷ ಆತು ಹೇಳು."

ಸಲಿಕೆಯನ್ನು ಅವರು ತಲೆಯ ಮೇಲೆ ಎತ್ತಿದ್ದರು ಎಂದು ಕೆಲವರು ಹೇಳುತ್ತಾರೆ. ನಾನು ಕಂಡಂತೆ ಅದು ಎದೆಯ ಮಟ್ಟದಲ್ಲಿತ್ತು. ಆದರೆ ಬಸವರಾಜನ ಕೈ ದಡದ ಮೇಲಿದ್ದ ಕುಡುಗೋಲಿನ ಕಡೆ ಹೋಗುತ್ತಿತ್ತು.

ಟೆಂಪೊದೊಳಗಿಂದ ಸುಬೇದಾರರು, "ಬಸ್ಯಾ, ತೆಗಿ ಅದನ್ನ," ಎಂದರು. ಒಂದು ಕಾಲಕ್ಕೆ ಮೈದಾನ ದಾಟಿ ಕೇಳಿಸುತ್ತಿದ್ದ ಧ್ವನಿ ಗಾಡಿಯ ಬಾಗಿಲನ್ನೂ ದಾಟಲಿಲ್ಲ. ಇಳಿಯಲು ನೋಡಿದರು, ಆಗಲಿಲ್ಲ.

ಯಾರಾದರೂ ಏನಾದರೂ ಮಾಡಬೇಕಿತ್ತು. ಆ ಯಾರಾದರೂ ನಾನೇ ಎಂದು ಭಾವಿಸಿದ್ದು ಆ ದಿನದ ಕೊನೆಯ ತಪ್ಪು. ನಾನೇ ಫರಸಿ ಕೀಳುತ್ತೇನೆ ಎಂದು ಕಾಲುವೆಯ ಇಳಿಜಾರಿಗೆ ಹೆಜ್ಜೆ ಇಟ್ಟೆ. ಹಾವಸೆ ಹಿಡಿದ ಕಾಂಕ್ರೀಟು, ಪಾಲಿಶ್ ಹಚ್ಚಿದ ಬೂಟು. ಎರಡನೆಯ ಹೆಜ್ಜೆ ಇಡಬೇಕಾಗಲಿಲ್ಲ.

ಮುಳುಗಿ ಎದ್ದಾಗ ಸೊಂಟದ ಮಟ್ಟದ ನೀರಿನಲ್ಲಿ ಕುಳಿತ ಭಂಗಿಯಲ್ಲಿದ್ದೆ. ಏಳಲು ನೋಡಿದರೆ ಹಿಂದಿನಿಂದ ಯಾರೋ ಎಳೆದು ಹಿಡಿದ ಹಾಗಾಯಿತು. ನೀರು ನನ್ನನ್ನು ಒಯ್ದು ಸುಬೇದಾರರ ಕೊಳವೆಯ ಬಾಯಿಗೆ ಕೂರಿಸಿತ್ತು. ಬಾಟಲಿಗೆ ಬೂಚು ಹಾಕಿದಷ್ಟು ಸರಿಯಾಗಿ. ಅವರ ಹೊಲಕ್ಕೆ ಹನಿ ನೀರು ಹೋಗುತ್ತಿರಲಿಲ್ಲ. ತಡೆದ ನೀರು ಏರಿತು, ನನ್ನ ಎದೆಗೆ ಬಂತು, ಫರಸಿಯ ಮೇಲೆ ಹಾಯ್ದು ಕೆಳಗೆ ಮೈಬೂಬಸಾಬರ ಹೊಲದ ಕಡೆ ಹರಿಯತೊಡಗಿತು.

"ಎಳೀರಿ ನನ್ನ," ಎಂದು ಕೂಗಿದೆ. ಬಸವರಾಜ ಧಾವಿಸಿದ. ಅವನ ಕಾಳಜಿ ನನ್ನದೋ ಭತ್ತದ್ದೋ ಹೇಳಲಾರೆ. ಮೈಬೂಬಸಾಬರೂ ಸಲಿಕೆ ಎಸೆದು, ತಲೆಯ ರುಮಾಲು ಬಿಚ್ಚಿ ನನ್ನ ಕಡೆ ಬೀಸಿದರು.

"ಮೈಬೂಬ," ಎಂದರು ಸುಬೇದಾರರು. ಈ ಸಲ ಕೇಳಿಸಿತು.

ಮೈಬೂಬಸಾಬರ ಕೈ ನಿಂತಿತು.

"ತಡಿ. ಇನ್ನ ಸ್ವಲ್ಪ ಹೊತ್ತು ಅವ ಅಲ್ಲೇ ಇರ್ಲಿ. ನಿನ್ನ ಹೊಲಕ್ಕ ನೀರು ಮುಟ್ಲಿ."

ಮೈಬೂಬಸಾಬರು ಟೆಂಪೊ ನೋಡಿದರು, ನನ್ನನ್ನು ನೋಡಿದರು. "ಸಾಬ್, ಸಾಯ್ತಾನ್ರಿ ಇವ."

"ಸಾಯಂಗಿಲ್ಲ. ಸಾಯಾವ ಯಾರು ಅಂತ ಆಗ್ಲೇ ಮೈಕ್‌ನ್ಯಾಗ ಹೇಳ್ಯಾನ."

ಮೈಬೂಬಸಾಬರು ರುಮಾಲು ಮುಖಕ್ಕೆ ಒತ್ತಿ ದಡದ ಮೇಲೆ ಕುಕ್ಕರಿಸಿದರು. ಅವರ ಹೆಗಲು ಕುಲುಕುತ್ತಿತ್ತು. ನಕ್ಕರೋ ಅತ್ತರೋ ಎಂದು ಜನ ನನ್ನನ್ನು ಕೇಳುತ್ತಾರೆ. ನಾನು ನೀರಿನ ಮಟ್ಟದಲ್ಲಿದ್ದೆ. ಅಲ್ಲಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ನನ್ನನ್ನು ಎತ್ತಿ ಎಂದು ಕಾಶಮ್ಮ ಹೇಳುತ್ತಾಳೆಂದು ಕಾದೆ. ಅವಳು ಹಂಡೆಯ ಮುಚ್ಚಳ ಬಿಡದೆ, "ಇರ್ಲಿ ಬಿಡ್ರಿ ಯಪ್ಪಾ, ಮನ್ಯಾಗ ಕುಂತರೂ ಇಷ್ಟ್ ಉಪಯೋಗ ಇಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೊದಲು ನೀರಿಗೆ ಇಳಿದಳು. ಅದನ್ನೂ ಬರೆಯಬೇಕು.

ನನ್ನನ್ನು ಎಳೆದು ತೆಗೆದರು. ಪ್ಯಾಂಟಿನ ಹಿಂಭಾಗ ಕೊಳವೆಯಲ್ಲೇ ಉಳಿಯಿತು. ಬಸವರಾಜ ತಂದೆಯ ಮುಖ ನೋಡಿ, ಯಾರೂ ಹೇಳದೆ ಫರಸಿ ಕಿತ್ತು ದಡಕ್ಕೆ ಹಾಕಿದ. ಜನ ಏರಿಯ ಮೇಲೆ ಸಾಲಾಗಿ ಕುಳಿತು ಹುಗ್ಗಿ ಉಂಡರು. ಮೈಬೂಬಸಾಬರು ಟೆಂಪೊ ಹತ್ತಿ ಸುಬೇದಾರರ ಪಕ್ಕ ಕುಳಿತರು. ಗಾಜು ಏರಿಸಿಕೊಂಡರು. ಒಳಗೆ ಏನು ಮಾತಾಯಿತೋ ನಾನು ಕೇಳಿಲ್ಲ; ಕೇಳದ್ದನ್ನು ಬರೆಯುವುದಿಲ್ಲ.

ಮತ್ತೊಮ್ಮೆ ಕಾಲುವೆಗೆ ನೀರು ಬರುವ ಮೊದಲೇ ಸುಬೇದಾರರು ಹೋದರು. ಕೊನೆಯ ವಾರ ಮೈಬೂಬಸಾಬರು ಆ ಮನೆಯ ಪಡಸಾಲೆಯಲ್ಲೇ ಮಲಗುತ್ತಿದ್ದರು. ನಾನು ಹೋದಾಗಲೆಲ್ಲ ಸುಬೇದಾರರು ಕಣ್ಣು ತೆರೆದು, "ಇವನ್ನ ಮಾತಾಡಾಕ ಬಿಡಬ್ಯಾಡ್ರಿ," ಎನ್ನುತ್ತಿದ್ದರು. ನಾನು ಸುಮ್ಮನೆ ಕುಳಿತು ಬರುತ್ತಿದ್ದೆ. ಫರಸಿ ಆ ಹಂಗಾಮು ಮುಗಿಯುವವರೆಗೆ ದಡದ ಮೇಲೇ ಇತ್ತು. ಮುಂದಿನ ವರ್ಷ ಅದು ಅಲ್ಲಿರಲಿಲ್ಲ. ಮತ್ತೆ ಕಾಲುವೆಗೆ ಅಡ್ಡ ನಿಂತಿತೋ ಎಂದು ನೋಡಲು ನಾನು ಹೋಗಲಿಲ್ಲ.

ಹುಗ್ಗಿ ಉಂಡ ಹಿರಿಯರಲ್ಲಿ ಬಹಳ ಜನ ಈಗಿಲ್ಲ. ಟೆಂಪೊದವನೂ ಇಲ್ಲ. ಆ ದಿನ ಕಾಲುವೆಯ ಮೇಲೆ ಇದ್ದವರಲ್ಲಿ, ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನೋಡಿ ಇನ್ನೂ ಬದುಕಿರುವವರು, ನನ್ನನ್ನು ಬಿಟ್ಟರೆ, ಮೂವರು. ಗೋಗಿಯಲ್ಲಿ ಮೈಬೂಬಸಾಬರು ಇದ್ದಾರೆ. ಸುಬೇದಾರರ ಹೆಸರು ತೆಗೆದರೆ ಎದ್ದು ಒಳಗೆ ಹೋಗುತ್ತಾರೆ. ಬಸವರಾಜ ಇದ್ದಾನೆ, ಅವನು ಭತ್ತದ ಬಗ್ಗೆ ಮಾತ್ರ ಮಾತಾಡುತ್ತಾನೆ. ಮೂರನೆಯವಳು ಕಾಶಮ್ಮ. ನೀವು ನಮ್ಮ ಮನೆಗೆ ಬಂದರೆ ಅವಳನ್ನು ಕೇಳಬೇಕಾಗಿಯೂ ಇಲ್ಲ, ನೀರು ಕೊಡುವ ಮೊದಲೇ ಶುರು ಮಾಡುತ್ತಾಳೆ.