ಟಿಕ್ ಅನ್ನುವ ಡಬ್ಬಿ

ಗಿಟಾರ್ ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಡಬ್ಬಿ, ಹೊತ್ತುಕೊಂಡು ಕೊಡಗು ಸುತ್ತುವವನಿಗೆ ನೆಮ್ಮದಿಯ ದಿನ ಅಂತ ಒಂದು ಇರುವುದಿಲ್ಲ. ಡಬ್ಬಿ ಸುಮ್ಮನಿದ್ದರೆ ಜನ ಸುಮ್ಮನಿರುವುದಿಲ್ಲ. ಜನ ಸುಮ್ಮನಿದ್ದರೆ ಡಬ್ಬಿ ಗುಂಯ್ ಅನ್ನುತ್ತದೆ.

ಎಂಟನೇ ಕ್ಲಾಸಿಗೆ ಶಾಲೆಗೆ ಕೈಮುಗಿದ ಮೇಲೆ ನಾನು ಏಣಿ ಹತ್ತಿ ಕಾಳುಮೆಣಸು ಕುಯ್ದೆ, ಜೀಪು ಓಡಿಸಿದೆ, ಬೇಕರಿಯಲ್ಲಿ ಹಿಟ್ಟು ನಾದಿದೆ. ಯಾವುದೂ ಒಂದು ಮಳೆಗಾಲ ದಾಟಲಿಲ್ಲ. ಬ್ಯಾಂಡಿನ ಈ ಕೆಲಸ ಮಾತ್ರ ಕಳೆದುಕೊಳ್ಳಬಾರದು ಅನ್ನಿಸಿತ್ತು. ಊರೂರು ತಿರುಗಾಟ, ಮೇಲೆ ಮದುವೆ ಊಟ! ಆದರೆ ನಮ್ಮ ಗಿಟಾರಿಸ್ಟ್, ಬ್ಯಾಂಡಿನ ಯಜಮಾನನೂ ಅವನೇ, ಮೊದಲ ದಿನವೇ ಹೇಳಿಬಿಟ್ಟಿದ್ದ: "ನೋಡು ಮಾರಾಯ, ನಾನು ನುಡಿಸಿದ್ದು ಬಿಟ್ಟು ಬೇರೆ ಸದ್ದು ಆ ಡಬ್ಬಿಯಿಂದ ಬಂತೋ, ನೀನು ಪುನಃ ಮೆಣಸಿನ ಏಣಿ ಹತ್ತು."

ಗೇನು, ವಾಲ್ಯೂಮು

ಹುದಿಕೇರಿ ಕಡೆಯ ಮದುವೆ. ಮಿಲಿಟರಿಯಿಂದ ರಿಟೈರ್ ಆದ ಹಿರಿಯರೊಬ್ಬರು ಗ್ಲಾಸು ಹಿಡಿದು ಆಂಪ್ ಪಕ್ಕ ಬಂದು ನಿಂತರು.

"ಇದೇನಯ್ಯ, ಗೇನ್ ಅಂತ ಒಂದು ಗುಂಡಿ, ವಾಲ್ಯೂಮ್ ಅಂತ ಒಂದು. ಎರಡೂ ಸದ್ದು ಹೆಚ್ಚು ಮಾಡೋದೇ ಅಲ್ವಾ?"

"ಅಲ್ಲ ಸಾರ್. ಗೇನ್ ಅಂದ್ರೆ ಒಳಗೆ ಎಷ್ಟು ಇಳಿದಿದೆ ಅನ್ನೋದು. ವಾಲ್ಯೂಮ್ ಅಂದ್ರೆ ಹೊರಗೆ ಎಷ್ಟು ಕೂಗಾಡ್ತಾನೆ ಅನ್ನೋದು. ಗೇನ್ ಜಾಸ್ತಿ ಆದ್ರೆ ಮೆಲ್ಲಗೆ ಮಾತಾಡಿದ್ರೂ ನಾಲಿಗೆ ತೊದಲುತ್ತೆ."

ಅವರು ತಮ್ಮ ಗ್ಲಾಸು ನೋಡಿಕೊಂಡರು. ಆಮೇಲೆ ಅಂಗಳದಲ್ಲಿ ಬೊಬ್ಬೆ ಹೊಡೆಯುತ್ತ ಕುಣಿಯುತ್ತಿದ್ದ ಒಬ್ಬರತ್ತ ಕೈ ತೋರಿಸಿದರು.

"ನಮ್ಮ ಬಾವ. ಎರಡೂ ಫುಲ್ ಹತ್ತರಲ್ಲಿದೆ. ಪ್ಲಗ್ ಎಲ್ಲಿ ಅಂತ ಮದುವೆಯಾದಾಗಿಂದ ಹುಡುಕ್ತಾ ಇದ್ದೇವೆ."

ನೀರು ಕುಡಿದ ಆಂಪ್

ಕುಟ್ಟದ ಒಂದು ಹೋಂಸ್ಟೇ, ಬೆಂಕಿಯಂಥ ಬೇಸಿಗೆ. ಆಂಪ್ ಗುಂಯ್ ಅಂತ ಶುರು ಮಾಡಿತು. ಗಿಟಾರಿಸ್ಟ್ ತಂತಿ ಮುಟ್ಟಿದರೆ ತಣ್ಣಗಾಗುತ್ತದೆ, ಕೈ ತೆಗೆದರೆ ಮತ್ತೆ ಗುಂಯ್. ಅವನು ನನ್ನತ್ತ ನೋಡಿ, ಬಾಯಿ ಬಿಡದೆ, ಎರಡು ಕೈಯಲ್ಲೂ ಏಣಿ ಹತ್ತುವ ಹಾಗೆ ಮಾಡಿ ತೋರಿಸಿದ.

ಅರ್ತಿಂಗ್ ಸರಿಯಿಲ್ಲ, ಕರೆಂಟ್ ನೆಲಕ್ಕೆ ಇಳಿಯುತ್ತಿಲ್ಲ ಅಂತ ಹೊಳೆಯಿತು. ಹಿತ್ತಲಿಗೆ ಓಡಿದೆ. ಅರ್ತಿಂಗ್ ಪೈಪಿನ ಸುತ್ತ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಒಂದು ಬಕೆಟ್ ನೀರಿಗೆ ಉಪ್ಪು ಕಲಸಿ ಸುರಿಯತೊಡಗಿದೆ. ಅಡುಗೆಮನೆ ಕಿಟಕಿಯಿಂದ ಮನೆಯೊಡತಿ ಕೂಗಿದರು: "ಏಯ್, ಅಲ್ಲಿ ಏನೂ ನೆಟ್ಟಿಲ್ಲ!"

"ಆಂಪಿಗೆ ನೀರು ಹಾಕ್ತಿದ್ದೀನಿ ಅಕ್ಕ."

ಒಳಗೆ ಗುಂಯ್ ಸಣ್ಣದಾಗುತ್ತಾ ಬಂದು ನಿಂತೇಹೋಯಿತು. ಅಕ್ಕ ಕಿವಿಗೊಟ್ಟು ಕೇಳಿದರು. ಜಗಲಿಯಲ್ಲಿ ಬಾಯಿ ತೆರೆದು ಮಲಗಿದ್ದ ಗಂಡನನ್ನು ಒಮ್ಮೆ ನೋಡಿದರು.

"ಆ ಬಕೆಟ್ ಇಲ್ಲಿ ಕೊಡಿ. ಇವರದ್ದೂ ದಿನಾ ಇದೇ ಸದ್ದು."

ಟಿಕ್

ತಿತಿಮತಿಯ ಕಾಡಂಚಿನ ಎಸ್ಟೇಟ್ ಬಂಗಲೆ. ಸಾಹುಕಾರರ ಮಗಳ ನಿಶ್ಚಿತಾರ್ಥ, ಸಂಜೆಯ ಬೆಳಕು ಇನ್ನೂ ಇತ್ತು. ಆಂಪ್ ಹಾಕಿದ ಕೂಡಲೇ: ಟಿಕ್. ಒಂದು ಸೆಕೆಂಡ್ ಬಿಟ್ಟು ಟಿಕ್. ಮತ್ತೆ ಟಿಕ್.

"ಗಡಿಯಾರ ನುಂಗಿದೆಯೇನೋ ಇದು?" ಗಿಟಾರಿಸ್ಟ್ ಹಲ್ಲು ಕಡಿದ. "ಇವತ್ತು ನಿಲ್ಲಲಿಲ್ಲ ಅಂದ್ರೆ ನಾಳೆಯಿಂದ ನೀನು ಬರಬೇಡ."

ವಯರ್ ಬದಲಿಸಿದೆ. ಡಬ್ಬಿಯನ್ನು ಮೂಲೆಯಿಂದ ಮೂಲೆಗೆ ಎಳೆದೆ. ಬಣ್ಣದ ಸೀರಿಯಲ್ ಲೈಟ್ ಆರಿಸಿ ಮಕ್ಕಳ ಕೈಲಿ ಬೈಸಿಕೊಂಡೆ. ಟಿಕ್, ಟಿಕ್. ಕೊನೆಗೆ ಸಿಟ್ಟು ಬಂದು ಡಬ್ಬಿ ತಲೆಗೆ ಒಂದು ಬಾರಿಸಿದೆ.

ನಿಂತಿತು!

ಗಿಟಾರಿಸ್ಟ್ ತಬ್ಬಿಕೊಂಡ. "ಇನ್ನು ನೀನು ಪರ್ಮನೆಂಟು ಕಣೋ!"

ಸಾಹುಕಾರರು ನಗುತ್ತಾ ಬಂದರು. "ಏನು ಸಂಭ್ರಮ?"

"ಸೆಕೆಂಡಿಗೊಂದು ಟಿಕ್ ಬರ್ತಿತ್ತು ಸಾರ್," ನಾನು ಎದೆಯುಬ್ಬಿಸಿದೆ, "ಒಂದೇ ಏಟಿಗೆ ನಿಲ್ಲಿಸಿಬಿಟ್ಟೆ."

ಅವರ ನಗು ಅಲ್ಲೇ ಇಂಗಿತು. "ಅಯ್ಯೋ, ಅದು ನಮ್ಮ ಆನೆ ಬೇಲಿ! ಸೆಕೆಂಡಿಗೊಂದು ಸಲ ಕರೆಂಟ್ ಹೊಡೆಯೋದು, ಅದೇ ನಿಮ್ಮ ಡಬ್ಬಿಯಲ್ಲಿ ಕೇಳ್ತಿದ್ದದ್ದು. ಟಿಕ್ ನಿಂತಿತು ಅಂದ್ರೆ ಬೇಲಿ ಹೋಯ್ತು!"

ಆನೆಗೆ ನನ್ನ ಏಟಿನ ಸುದ್ದಿ ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ಒಂದು ಮರವನ್ನು ಬೇಲಿಯ ಮೇಲೆ ಕೆಡವಿ ಒಳಗೆ ಬಂದಿತ್ತು. ಗೇಟಿಗೆ ಗೊನೆ ಸಮೇತ ಕಟ್ಟಿದ್ದ ಬಾಳೆಕಂಬಗಳ ಹತ್ತಿರ, ಎಲೆ ಹಾಕುವ ಮೊದಲೇ ಬಂದ ನೆಂಟನ ಹಾಗೆ, ನಿಂತಿತ್ತು.

ಇಡೀ ನಿಶ್ಚಿತಾರ್ಥ ಬಂಗಲೆಯೊಳಗೆ, ನಮ್ಮ ಡಬ್ಬಿಯಿದ್ದ ಹಾಲಿಗೆ ನುಗ್ಗಿತು. ಒಂದು ಗುಂಯ್ ಸಹಿಸದ ನಮ್ಮ ಗಿಟಾರಿಸ್ಟ್ ಕಿರುಚಿದ: "ಗೇನ್ ಹತ್ತಕ್ಕೆ ಇಡೋ! ವಾಲ್ಯೂಮೂ ಹತ್ತಕ್ಕೆ!" ಗಿಟಾರನ್ನು ಡಬ್ಬಿಯ ಮುಖಕ್ಕೇ ಹಿಡಿದ. ಕೀಂಯ್ ಅಂತ ಹೊರಟಿತು ನೋಡಿ, ಕಿಟಕಿ ಗಾಜುಗಳೆಲ್ಲ ನಡುಗಿದವು.

ಆನೆ ಕಿವಿ ಅಗಲಿಸಿ ನಮ್ಮನ್ನು ನೋಡಿತು. ಒಂದು ಗೊನೆ ಕಿತ್ತು, ಪಾರ್ಸೆಲ್ ತೆಗೆದುಕೊಂಡ ಹಾಗೆ ಸೊಂಡಿಲಲ್ಲಿ ಹಿಡಿದು, ಬಂದ ದಾರಿಯಲ್ಲೇ ಹೊರಟಿತು.

ಆಳುಗಳು ಬೇಲಿ ಕಟ್ಟಲು ಹೋದರು. ನೆಂಟರು ಯಾರೂ ಹೊರಗೆ ಕಾಲಿಡಲಿಲ್ಲ. ವರ, ವಧು, ಪುರೋಹಿತರು, ಎಲ್ಲರೂ ಆಂಪಿನ ಸುತ್ತ ಕೂತು ಅದರ ಬಾಯಿಯನ್ನೇ ನೋಡುತ್ತಿದ್ದರು.

ಟಿಕ್.

ಎಂಥ ಚಪ್ಪಾಳೆ! ನಮ್ಮ ಯಾವ ಹಾಡಿಗೂ ಅಷ್ಟು ಬಿದ್ದಿರಲಿಲ್ಲ.

"ಅಣ್ಣ, ನನ್ನ ಕೆಲಸ?" ಅಂತ ಮೆಲ್ಲಗೆ ಕೇಳಿದೆ.

"ಇದೆ. ಆ ಟಿಕ್ ಮುಟ್ಟಿದ್ರೆ ಮಾತ್ರ ಏಣಿ," ಅಂದ ಗಿಟಾರಿಸ್ಟ್.

ಮೊನ್ನೆ ಸಾಹುಕಾರರ ಫೋನು. ಮದುವೆಯೂ ಆ ಬಂಗಲೆಯಲ್ಲೇ ಅಂತೆ. "ಆ ಟಿಕ್ ಅನ್ನೋ ಡಬ್ಬಿ ಹಿಡಿದು ನೀನು ಬಂದುಬಿಡಪ್ಪ," ಅಂದರು. "ಗಿಟಾರಿನವರಿಗೆ ಬಿಡುವಿಲ್ಲದಿದ್ರೆ ತೊಂದರೆ ಕೊಡಬೇಡ."

ಗಿಟಾರಿಸ್ಟ್‌ಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ.