ಡೇರಿ ಹಾಲಲ್ಲಿ ಸೂರ್ಯ ನಮಸ್ಕಾರ

ಸೂರ್ಯ ನಮಸ್ಕಾರ ಮಾಡಿದರೆ ಎದೆ ಗಟ್ಟಿಯಾಗುತ್ತದೆ ಎಂದು ಕಲಿಸಲು ಹೋದವಳು ನಾನು. ಅಲ್ಲಿ ದಿನಕ್ಕೊಂದು ಸಲ ನನ್ನ ಎದೆಯೇ ಧಸಕ್ಕೆನ್ನುತ್ತಿತ್ತು. ಅಕ್ಕಿಹೆಬ್ಬಾಳಿನ ಕಡೆಯ ಒಂದು ಹಳ್ಳಿ, ಬೆಳಿಗ್ಗೆ ಆರು ಗಂಟೆ, ಇಪ್ಪತ್ತು ಹೆಂಗಸರು. ಹಾಲಿನ ಡೇರಿಯ ಮೀಟಿಂಗ್ ಹಾಲ್ ಬಿಟ್ಟರೆ ನಮಗೆ ಬೇರೆ ಜಾಗವಿಲ್ಲ. ಡೇರಿ ಅಧ್ಯಕ್ಷರಿಗೋ ಈ ಯೋಗ ಕಂಡರೆ ಆಗದು.

೧. ಹಾವು

ಭುಜಂಗಾಸನ ಎಂದರೆ ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ಬೋರಲು ಮಲಗಿಯೇ ಇದ್ದರು. ನನಗೆ ರೇಗಿತು. "ಹಾವು! ಹಾವು!" ಎಂದು ಕೂಗಿಬಿಟ್ಟೆ.

ಹೊರಗೆ ಹಾಲು ಹಾಕಲು ಸಾಲು ನಿಂತಿದ್ದ ಗಂಡಸರು ದೊಣ್ಣೆ ಹಿಡಿದು ಒಳಗೆ ನುಗ್ಗಿದರು. ನೆಲದ ಮೇಲೆ ಇಪ್ಪತ್ತು ಹೆಂಗಸರು ಅಲ್ಲಾಡದೆ ಬಿದ್ದಿದ್ದಾರೆ. ಮುಂದಿದ್ದವನು ದೊಣ್ಣೆ ಬಿಸಾಕಿ ತಲೆ ಚಚ್ಚಿಕೊಂಡ:

"ಅಯ್ಯಯ್ಯೋ, ಎಲ್ರಿಗೂ ಕಚ್ಬುಟ್ಟೈತೆ ಕಣ್ರಲಾ!"

೨. ಖಾಲಿ

ಈ ಗಲಾಟೆ ಕೇಳಿ ಅಧ್ಯಕ್ಷರು ಕೆಂಡಾಮಂಡಲವಾದರು. ನಮ್ಮವರಲ್ಲಿ ಒಬ್ಬಾಕೆಗೆ ಫೋನು ಮಾಡಿ, "ನಾಳೆ ಬೆಳಗ್ಗೆನೇ ಆಲು ಖಾಲಿ ಮಾಡ್ಬುಡಿ" ಎಂದರಂತೆ.

ಮರುದಿನ ನಾನು ಹೋಗುವಷ್ಟರಲ್ಲಿ ಒಬ್ಬೊಬ್ಬರ ಕೈಯಲ್ಲೂ ದೊಡ್ಡ ಲೋಟದ ತುಂಬ ಹಾಲು. "ಕುಡೀರಿ ಮೇಡಂ, ಅಧ್ಯಕ್ಷರೇ ಹೇಳವ್ರೆ" ಎಂದರು. ಖಾಲಿ ಹೊಟ್ಟೆಯ ನಿಯಮ ಮರೆತು ನಾನೂ ಎರಡು ಲೋಟ ಇಳಿಸಿದೆ. ಡೇರಿಯ ಕ್ಯಾನು ಬರಿದಾದ ಹೊತ್ತಿಗೆ ಮತ್ತೆ ಫೋನು ಬಂತು. ವಿಷಯ ತಿಳಿದ ಅಧ್ಯಕ್ಷರ ಕೂಗು ಹೊರಗಿನವರೆಗೂ ಕೇಳಿಸಿತು:

"ಕುಡಿಯೋ ಆಲಲ್ಲ ಕಣಮ್ಮೋ! ನೀವು ಕುಣಿಯೋ ಆಲು!"

೩. ಅಡ್ಡ

ಮೂರನೆಯ ದಿನ ಅಧ್ಯಕ್ಷರು ಬೀಗ ಹಿಡಿದು ತಾವೇ ಬಂದರು. ಮುಗಿಯಿತು ನಮ್ಮ ತರಗತಿ ಎಂದುಕೊಂಡೆ. ಅವರು ನಿಂತದ್ದು ಪೂರ್ವದ ಬಾಗಿಲಲ್ಲಿ. ಹೆಂಗಸರೆಲ್ಲ ಪೂರ್ವಕ್ಕೇ ಮುಖ ಮಾಡಿ ಸಾಷ್ಟಾಂಗದಲ್ಲಿದ್ದರು. ಮೊದಲ ಸಾಲಿನಲ್ಲಿ, ಅವರ ಕಾಲ ಬಳಿಯೇ, ಅವರನ್ನು ಎತ್ತಿ ಆಡಿಸಿ ಬೆಳೆಸಿದ ಸ್ವಂತ ಅಕ್ಕ!

ದೊಡ್ಡವರು ಅಡ್ಡಬಿದ್ದರೆ ಚಿಕ್ಕವರ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. "ಅಯ್ಯೋ ಅಕ್ಕಾ, ನಂಗ್ಯಾಕೆ ಅಡ್ಡಬಿದ್ದೆ!" ಎನ್ನುತ್ತಾ ಬೀಗ ಬಿಟ್ಟು ತಾವೂ ದಢಾರನೆ ಅಡ್ಡಬಿದ್ದರು.

ಅಕ್ಕ ಎದ್ದರು, ಇವರೂ ಎದ್ದರು. ಆದರೆ ನಾವು ಮಾಡುವುದು ಹನ್ನೆರಡು ಸುತ್ತು. ಅಕ್ಕ ಮತ್ತೆ ಬಿದ್ದರು, ಇವರೂ ಬಿದ್ದರು. ನಾನು ಸುತ್ತು ಎಣಿಸುತ್ತಲೇ ಹೋದೆ. ಐದನೆಯ ಸುತ್ತಿಗೆ ಅಧ್ಯಕ್ಷರು ನೆಲದಲ್ಲೇ ಕೈಮುಗಿದು ಏದುಸಿರು ಬಿಟ್ಟರು:

"ಅಕ್ಕಾ, ಈ ಜಾಗ ನಿಮ್ಗೇ ಬುಟ್ಬುಟ್ಟೆ. ಎದ್ದೇಳಕ್ಕಾ, ಸಾಕು!"

ಅಕ್ಕ ತಲೆ ಎತ್ತಲೂ ಇಲ್ಲ.

"ಸುಮ್ಕೆ ಮಾಡ್ಲಾ, ಇನ್ನೂ ಏಳವೆ."