ಇರಾಸಿಬಲ್ ಪದಪ್ರಯೋಗ ಸಂಗ್ರಾಮ

ಯಾವ ಯುಗದಲ್ಲಿ ಸೂರ್ಯನಿಗಿಂತ ಮುಂಚೆ ಪತ್ರಿಕೆಯೂ, ಪತ್ರಿಕೆಗಿಂತ ಮುಂಚೆ ಪಿಂಚಣಿದಾರರೂ ವಾಚನಾಲಯದ ಬಾಗಿಲನ್ನು ತಲುಪುತ್ತಿದ್ದರೋ, ಆ ಮಹಾಯುಗದ ಕಥೆಯನ್ನು ಆಲಿಸಿರಿ, ಸಜ್ಜನರೇ! ಎಲೈ ವಾಗ್ದೇವಿ, ಕನ್ನಡಕ ಒರೆಸಿಕೊಂಡು ಬಂದು ನನ್ನ ನಾಲಿಗೆಯ ಮೇಲೆ ಕುಳಿತುಕೋ. ರಾಣೆಬೆನ್ನೂರಿನ ಈ ಕಾಳಗವನ್ನು ನಾನೊಬ್ಬನೇ ಹೇಳಿ ಮುಗಿಸುವಂತಿಲ್ಲ.

ಆ ವಾಚನಾಲಯಕ್ಕೊಂದು ಘೋರ ಸಂಪ್ರದಾಯವಿತ್ತು. ಪತ್ರಿಕೆಯ ‘ದಿನಕ್ಕೊಂದು ಇಂಗ್ಲಿಷ್ ಪದ’ವನ್ನು ಮೊದಲು ಬಂದವನು ಓದಿ, ಅರ್ಥ ಹೇಳಿ, ಎದುರಿಗಿದ್ದವರ ಮೇಲೆಯೇ ಪ್ರಯೋಗಿಸಬೇಕು. ಪ್ರಯೋಗವಾದ ಪದ ಜನ್ಮಕ್ಕೆ ಅಡ್ಡಹೆಸರಾಗುತ್ತಿತ್ತು. ಒಂದೇ ಒಂದು ಮದುವೆಯಲ್ಲಿ ಹೋಳಿಗೆ ಎರಡನೆಯ ಸಲ ಹಾಕಿಸಿಕೊಂಡ ಪಾಪದ ಬಸಲಿಂಗಪ್ಪ ಇಂದಿಗೂ ಊರಿಗೆಲ್ಲ ‘ಗ್ಲಟನ್ ಕಾಕಾ’, ಅಂದರೆ ಹೊಟ್ಟೆಬಾಕ ಕಾಕಾ.

ಅಂದು ಉಪನೇತ್ರವಿಭೂಷಿತನಾಸಿಕರೂ ನಿವೃತ್ತ ಇಂಗ್ಲಿಷ್ ಮಾಸ್ತರರೂ ಆದ ವಾಮನರಾಯರು ಮೇಘಗಂಭೀರವಾಗಿ ಓದಿದರು: “ಇರಾಸಿಬಲ್. ಅಂದ್ರ, ಮಾತುಮಾತಿಗೆ ಸಿಟ್ಟಿಗೇಳುವವ. ಉದಾಹರಣೆಗೆ, ನಮ್ಮ ಹೊಳೆಬಸಪ್ಪ ಇರಾಸಿಬಲ್ ಮನುಷ್ಯಾ.”

ಸೀಟಿನಾದಪ್ರಕಂಪಿತಪ್ರಯಾಣಿಕಸಮೂಹನಾದ ನಿವೃತ್ತ ಕಂಡಕ್ಟರ್ ಹೊಳೆಬಸಪ್ಪನ ಎದೆ ಧಸಕ್ಕೆಂದಿತು. ಬರುವ ವಾರವೇ ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸಿಡುಕನ ಮನೆಯ ಹೆಣ್ಣನ್ನು ಯಾರು ತಂದುಕೊಂಡಾರು?

“ನಾ ಸಿಟ್ಟಿನಾವೇನ್ರಿ?” ಎಂದು ಅವನು ಪ್ರಳಯಕಾಲದ ಸಮುದ್ರದಂತೆ ಮೊರೆದ. “ತುಂಬಿದ ಬಸ್ಸಿನ್ಯಾಗ ಮಂದಿ ಕಾಲ್ ತುಳದ್ರೂ ನಕ್ಕೋಂತ ಟಿಕೆಟ್ ಹರದಾವ ನಾ! ನನ್ನಂಥಾ ಶಾಂತ ಮನಶ್ಯಾನ್ನ ಈ ಜಿಲ್ಲಾದಾಗ ತೋರಸ್ರಿ! ತೋರಸ್ರೀ!” ಎನ್ನುತ್ತ ಮೇಜನ್ನು ಗುದ್ದಿದ.

“ಮೇಜು ಗುದ್ದಬ್ಯಾಡ್ರಿ! ಶಾಂತಿ ಅಂದ್ರೇನಂತ ನನ್ನಿಂದ ಕಲೀರಿ!” ಎಂದು ವಾಮನರಾಯರು ಕುರ್ಚಿಯಿಂದ ಪುಟಿದೆದ್ದರು. “ಹುಡುಗ್ರ ಮ್ಯಾಲೆ ಅದೆಷ್ಟು ಬೆತ್ತ ಮುರದೀನಿ, ಒಮ್ಮೆರೆ ಸಿಟ್ಟಿನಿಂದ ಹೊಡದಿಲ್ಲ!”

ಆಗ ಆ ಇಬ್ಬರು ಶಾಂತಿದೂತರು ಪತ್ರಿಕೆಯ ಎರಡು ತುದಿಗಳನ್ನು ಹಿಡಿದು, ಹೂಂಕರಿಸಿ, ಹಲ್ಲು ಕಡಿದು, ದಿಕ್ಕುಗಳು ನಡುಗುವಂತೆ ಜಗ್ಗಲು, ಪರ್ರೆಂದು ಪುಟ ಇಬ್ಭಾಗವಾಯಿತು. ಅರ್ಥ ಒಬ್ಬರ ಮುಷ್ಟಿಯಲ್ಲಿ, ಪ್ರಯೋಗ ಇನ್ನೊಬ್ಬನ ಮುಷ್ಟಿಯಲ್ಲಿ ಉಳಿಯಿತು.

ವಾಚನಾಲಯ ನೋಡಿಕೊಳ್ಳುವ ನೀಲಮ್ಮ ಬಂದಳು. ಬೈಯಲಿಲ್ಲ. ಗೋಂದಿನ ಬಾಟಲಿಯನ್ನು ಮೇಜಿನ ಮೇಲಿಟ್ಟಳು. “ಹಚ್ರಿ. ಇನ್ನೊಂದೀಟು ಹೊತ್ತಿಗೆ ಮಂದಿ ಬರ್ತಾರ.”

ವೀರರಿಬ್ಬರೂ ತಲೆಗೆ ತಲೆ ತಾಗಿಸಿ ಕಾಗದ ಅಂಟಿಸಲು ಕುಳಿತರು. ಹೊಳೆಬಸಪ್ಪ ಗೋಂದು ಹಚ್ಚುತ್ತ ದನಿ ತಗ್ಗಿಸಿದ: “ಮಗಳ್ನ ನೋಡಾಕ ಬರಾವ್ರದಾರ್ರೀ ಮಾಸ್ತರ್ರ. ಈ ಹೆಸರು ಅವ್ರ ಕಿವೀಗೆ ಬಿದ್ರ ಹೆಂಗ್ರಿ?”

ವಾಮನರಾಯರಿಗೆ ಕೆಡುಕೆನಿಸಿತು. ತಮಾಷೆಗೆಂದು ಹೇಳಿದ್ದು ಎಲ್ಲಿಗೋ ಹೋಗಿತ್ತು. “ಆ ಹೆಸರು ಇಲ್ಲಿಗೇ ಮುಗೀತು. ಅವತ್ತು ನಾನೂ ಬಂದು ಕೂಡ್ತೀನಿ. ಹೊಳೆಬಸಪ್ಪ ಭಾಳ ಶಾಂತ ಸ್ವಭಾವದವ ಅಂತ ನಾನೇ ಹೇಳ್ತೀನಿ.”

ಹೊಳೆಬಸಪ್ಪನ ಕಣ್ಣು ತುಂಬಿತು. ಆದರೂ ಅಳುಕಿನಿಂದಲೇ ಕೇಳಿದ: “ಅಲ್ಲಿ ನೀವರೆ ಸಿಟ್ಟಾಗಂಗಿಲ್ಲಲ್ರಿ?”

“ನಾ ಯಾವಾಗ್ರೀ ಸಿಟ್ಟಾಗೀನಿ!” ಎಂದು ವಾಮನರಾಯರು ಗುಡುಗಿದ ರಭಸಕ್ಕೆ ಗೋಂದಿನ ಬಾಟಲಿ ಉರುಳಿತು.

ನೀಲಮ್ಮ ಒರೆಸುವ ಬಟ್ಟೆ ತರಲು ಒಳಗೆ ಹೋದಳು.